ಇಪ್ಪತ್ತೆಂಟು ಹೆಜ್ಜೆ

ಗವಿಪುರದ ವೆಂಕಟರಾಮಪ್ಪನವರು ಕುಳ್ಳಗಿನ ಆಳು. ಆದರೆ ಹೆಜ್ಜೆ ಮಾತ್ರ ಎತ್ತರದ ಮನುಷ್ಯನದು. ಗಂಗಾಧರೇಶ್ವರನ ಗುಡಿಗೆ ಬರುವಾಗ ಅವರ ತುಟಿ ಅಲ್ಲಾಡುತ್ತಿರುತ್ತಿತ್ತು. ಜಪ ಮಾಡುತ್ತಾರೆಂದೇ ನಾನು ಬಹಳ ದಿನ ತಿಳಿದಿದ್ದೆ. ಅವರು ಹೆಜ್ಜೆ ಎಣಿಸುತ್ತಿದ್ದರು. ಅವರ ಒಂದು ಹೆಜ್ಜೆಗೆ ಸರಿಯಾಗಿ ಒಂದು ಗಜ.

ಹುಟ್ಟಿದ್ದು ಓಕಳಿಪುರದಲ್ಲಿ, ರೈಲು ಹಳಿಗಳ ಪಕ್ಕ. ಮೀಸೆ ಮೂಡುವ ಹೊತ್ತಿಗೆ ಹೈಗ್ರೌಂಡ್ಸ್ ಕಡೆಯ ಗಾಲ್ಫ್ ಮೈದಾನದಲ್ಲಿ ಕ್ಯಾಡಿ ಕೆಲಸಕ್ಕೆ ಸೇರಿದರು. ಆಟಗಾರರ ಚೀಲ ಹೊರುವುದು, ಚೆಂಡು ಹುಡುಕುವುದು, ಗುರಿ ಎಷ್ಟು ದೂರವಿದೆ, ಹೊಡೆದ ಚೆಂಡು ಎಷ್ಟು ಹೋಯಿತು ಎಂದು ಹೇಳುವುದು. ಆಗ ಮೈದಾನದ ನಡುವೆ ದೂರ ತೋರಿಸುವ ಗುರುತುಗಳಿರಲಿಲ್ಲ. ಕ್ಯಾಡಿಯ ಹೆಜ್ಜೆಯೇ ಅಳತೆ, ಅವನ ಮಾತೇ ಲೆಕ್ಕ. ಮದುವೆಯಾದ ಮೇಲೆ ಹೆಂಡತಿಯ ಊರು ಗವಿಪುರಕ್ಕೇ ಬಂದು ನೆಲೆಸಿದರು. ಆಕೆ, ಮುನಿರತ್ನಮ್ಮ, ಗಾಂಧಿ ಬಜಾರಿನಲ್ಲಿ ತರಕಾರಿ ಮಾರುತ್ತಿದ್ದರು. ಇವರು ಬಿಡುವಿನಲ್ಲಿ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಲ್ಫ್ ಕೋಲುಗಳನ್ನು ರಿಪೇರಿ ಮಾಡುತ್ತಿದ್ದರು.

ಅವರು ಹದಿನೆಂಟು ವರ್ಷ ಚೀಲ ಹೊತ್ತದ್ದು ಬಸವನಗುಡಿಯ ದೊರೆಸ್ವಾಮಿಯವರಿಗೆ. ದೊರೆಸ್ವಾಮಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮನೆಯಲ್ಲಿ ಮಡಿ, ಏಕಾದಶಿ. ಭಾನುವಾರ ಬೆಳಿಗ್ಗೆ ಮಾತ್ರ ಗಾಲ್ಫ್. ತೊಂಬತ್ತೊಂದರಲ್ಲಿ ತರಬೇತಿಗೆಂದು ಜಪಾನಿಗೆ ಹೋದವರು ಬರುವಾಗ ಒಂದು ಸೆಟ್ ಐರನ್, ಅಂದರೆ ಉಕ್ಕಿನ ತಲೆಯ ಕೋಲುಗಳನ್ನು, ಕೊಂಡು ತಂದರು. ಮೂರನೇ ನಂಬರಿನಿಂದ ಒಂಬತ್ತರವರೆಗೆ ಏಳು, ಹತ್ತಿರದ ಹೊಡೆತಕ್ಕೆ ಮೇಲೊಂದು ವೆಡ್ಜ್. ನಂಬರು ಚಿಕ್ಕದಾದಷ್ಟೂ ಚೆಂಡು ದೂರ.

"ಎಲ್ಲರ ಗಂಡಂದಿರೂ ಫಾರಿನ್ನಿಂದ ಸೀರೆ ತಂದ್ರು. ನಮ್ಮನೇವ್ರು ಕಬ್ಬಿಣ ಹೊತ್ಕೊಂಡು ಬಂದ್ರು" ಎಂದು ಅವರ ಹೆಂಡತಿ ಸುಂದರಮ್ಮ ನಮಗೆಲ್ಲ ಹೇಳಿ ನಗುತ್ತಿದ್ದರು. ಶನಿವಾರ ಶನಿವಾರ ಅವರ ಮನೆಯ ನಡುಮನೆಯಲ್ಲಿ ನಾವು ನಾಲ್ಕಾರು ಹೆಂಗಸರು ಸಹಸ್ರನಾಮಕ್ಕೆ ಸೇರುತ್ತಿದ್ದೆವು. ಆ ಚೀಲ ಬಾಗಿಲ ಸಂದಿಯಲ್ಲಿ ನಿಂತಿರುವುದನ್ನು ನಾನೂ ನೋಡಿದ್ದೇನೆ.

ಆ ಐರನ್ನುಗಳ ಬಗ್ಗೆ ವೆಂಕಟರಾಮಪ್ಪನವರು ಮಾತಾಡಿದರೆ ಗಾಲ್ಫ್ ಗೊತ್ತಿಲ್ಲದವರಿಗೂ ಕೈ ಜುಮ್ಮೆನ್ನುತ್ತಿತ್ತು. ಬೇರೆಯವರ ಕೋಲುಗಳು ಎರಕ ಹೊಯ್ದವು. ತಗುಲಿದರೆ 'ಟಣ್' ಎನ್ನುತ್ತಿದ್ದವು. ಇವು ಮೆದು ಉಕ್ಕನ್ನು ಕಾಯಿಸಿ ಬಡಿದು ಮಾಡಿದವು. ಚೆಂಡು ಮುಖದ ಸರಿಯಾದ ಜಾಗಕ್ಕೆ ತಗುಲಿದರೆ 'ತಪ್' ಎಂದಷ್ಟೇ ಸದ್ದು. ಮೊಳಗುತ್ತಿರುವ ಗಂಟೆಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದ ಹಾಗೆ. ಕೈಗೆ ಏನೂ ತಿಳಿಯುವುದಿಲ್ಲ, ಮಾಗಿದ ಸೀಬೆಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿದಷ್ಟೇ. ತಲೆ ಎತ್ತಿ ನೋಡುವಷ್ಟರಲ್ಲಿ ಚೆಂಡು ಆಕಾಶದಲ್ಲಿರುತ್ತದೆ. ಆದರೆ ಒಂದು ಬೆರಳಿನಷ್ಟು ಪಕ್ಕಕ್ಕೆ ತಗುಲಿತೋ, ಡಿಸೆಂಬರ್ ಚಳಿಯಲ್ಲಿ ಮೊಣಕೈವರೆಗೂ ಉರಿ. "ಆ ಕಬ್ಬಿಣಕ್ಕೆ ಸುಳ್ಳು ಬರಲ್ಲಮ್ಮ. ನೀವು ಹೊಡೆದದ್ದನ್ನ ಹೊಡೆದ ಹಾಗೇ ವಾಪಸ್ ಹೇಳ್ತದೆ" ಎನ್ನುತ್ತಿದ್ದರು. ವರ್ಷಗಳು ಕಳೆದಂತೆ ಏಳನೇ ನಂಬರಿನ ಮುಖದ ಮೇಲೆ, ಯಾವಾಗಲೂ ಒಂದೇ ಜಾಗಕ್ಕೆ ಚೆಂಡು ತಗುಲಿ ತಗುಲಿ, ನಾಲ್ಕಾಣೆಯಷ್ಟು ಅಗಲ ಹೊಳಪು ಸವೆದಿತ್ತು. ದೊರೆಸ್ವಾಮಿಯವರ ಕೈ ಅಷ್ಟು ನಿಖರ. ಆ ಏಳನೇ ನಂಬರಿನಲ್ಲಿ ಅವರು ಹೊಡೆದರೆ ನೂರೈವತ್ತು ಗಜ.

ಕೆಲಸದಿಂದ ನಿವೃತ್ತರಾದ ಮರುವರ್ಷ, ತೊಂಬತ್ಮೂರರಲ್ಲಿ, ಒಂದು ಭಾನುವಾರ ಆ ಚೆಂಡು ನೂರೈವತ್ತಕ್ಕೆ ಮುಟ್ಟಲಿಲ್ಲ. ಇನ್ನೊಂದು ಹೊಡೆದರು. ಅದೂ ಇಲ್ಲ. ದೊರೆಸ್ವಾಮಿ ಕೋಲನ್ನು ನೆಲಕ್ಕೆ ಊರಿ ಹುಲ್ಲಿನ ಮೇಲೇ ಕೂತುಬಿಟ್ಟರು.

"ಮುಗೀತು ಕಣೋ, ವೆಂಕಟರಾಮಪ್ಪ. ಆಫೀಸೂ ಮುಗೀತು, ಇದೂ ಮುಗೀತು."

ಆ ಮುಖವನ್ನು ವೆಂಕಟರಾಮಪ್ಪನವರಿಗೆ ನೋಡಲಾಗಲಿಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ಆ ಚೀಲ ಗವಿಪುರಕ್ಕೆ ಬರುತ್ತಿತ್ತು. ಆಡುವವರಿಗೆ ಅದು ಆಟದ ಸಾಮಾನು, ಹೊರುವವರಿಗೆ ಅನ್ನದ ಆಯುಧ. ಹಿಂದಿನ ದಿನ ತೊಳೆದು, ಎಣ್ಣೆ ಒರೆಸಿ, ಪೂಜೆಯ ದಿನ ಮಣೆಯ ಮೇಲೆ ಸಾಲಾಗಿ ಮಲಗಿಸಿ, ವಿಜಯದಶಮಿ ಕಳೆಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಆ ವರ್ಷ ತೊಳೆದ ಮೇಲೆ ವೆಂಕಟರಾಮಪ್ಪನವರು ಏಳನೇ ನಂಬರನ್ನು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳಕ್ಕೆ, ವೈಸಿಗೆ, ಕಚ್ಚಿಸಿದರು.

ಐರನ್ನಿನ ಮುಖ ಹಿಂದಕ್ಕೆ ಒರಗಿದಷ್ಟೂ ಚೆಂಡು ಮೇಲೇರಿ ಹತ್ತಿರ ಬೀಳುತ್ತದೆ. ಮುಖ ನೆಟ್ಟಗಾದಷ್ಟೂ ತಗ್ಗಿನಲ್ಲಿ ಹಾರಿ ದೂರ ಹೋಗುತ್ತದೆ. ಎರಕದ ತಲೆಯನ್ನು ಬಗ್ಗಿಸಲು ಹೋದರೆ ಮುರಿಯುತ್ತದೆ. ಈ ಮೆದು ಉಕ್ಕು, ತಲೆ ಕೋಲಿಗೆ ಸೇರುವ ಕತ್ತಿನಲ್ಲಿ ಬಗ್ಗುತ್ತದೆ. ಮಗಳು ವಿನುತಾಳ ಶಾಲೆಯ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು, ಅಳೆದು, ಮುಖ ನೆಟ್ಟಗಾಗುವ ಕಡೆಗೆ ಒಂದೇ ಒಂದು ಡಿಗ್ರಿ ಬಗ್ಗಿಸಿದರು. ಒಂದನ್ನು ಬಗ್ಗಿಸಿದರೆ ಉಳಿದವುಗಳ ಜೊತೆ ಲೆಕ್ಕ ತಪ್ಪುತ್ತದೆಂದು ಎಂಟನ್ನೂ ಬಗ್ಗಿಸಿದರು. ಕತ್ತಿನ ಮೇಲೆ ವೈಸಿನ ಹಲ್ಲಿನ ಗುರುತು ಉಳಿಯಿತು. ಮರುದಿನ ಪೂಜೆಯಲ್ಲಿ ಸರಿಯಾಗಿ ಆ ಗುರುತಿನ ಮೇಲೇ ಗಂಧ ಬಳಿದು ಕುಂಕುಮ ಇಟ್ಟರು.

"ಪೂಜೆ ಮಾಡಿದ ಕುಂಕುಮ ಒರೆಸ್ಬೇಡಿ, ಸಾರ್. ತಾನಾಗೇ ಹೋಗ್ಲಿ" ಎಂದರು. ದೈವಭಕ್ತರಾದ ದೊರೆಸ್ವಾಮಿ ಒರೆಸಲಿಲ್ಲ. ಕುಂಕುಮ ಮಾಸುವಷ್ಟರಲ್ಲಿ ಗುರುತಿಗೆ ಕಪ್ಪು ಹಿಡಿದಿತ್ತು.

ಹೀಗೆ ಆರು ಆಯುಧಪೂಜೆ, ಆರು ಡಿಗ್ರಿ. ಅದೂ ಸಾಲದಾದಾಗ ಅವರು ತಮ್ಮ ಹೆಜ್ಜೆ ಗಿಡ್ಡ ಮಾಡಿಕೊಂಡರು. ಚೆಂಡಿನವರೆಗೆ ನಡೆದು, ತಿರುಗಿ ನಿಂತು, "ನೂರೈವತ್ತು, ಸಾರ್!" ಎಂದು ಕೂಗುತ್ತಿದ್ದರು.

"ತಗ್ಗಿನಲ್ಲಿ ಹೋಗ್ತಿದೆಯಲ್ಲೋ?"

"ಎದುರುಗಾಳಿ, ಸಾರ್. ಗಾಳಿ ಕೊಯ್ಕೊಂಡು ಹೋಗ್ತಿದೆ."

ದೊರೆಸ್ವಾಮಿ ಮಗುವಿನ ಹಾಗೆ ಹಿಗ್ಗುತ್ತಿದ್ದರು. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಊಟ ಮಾಡುತ್ತಿದ್ದರು.

ತೊಂಬತ್ತೊಂಬತ್ತರ ಜೂನಿನಲ್ಲಿ ಅವರ ಎಡಗೈ ಜೋಮು ಹಿಡಿಯತೊಡಗಿತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಬಿಗಿತ. ಹೃದಯದ ಡಾಕ್ಟರಿಗೆ ತೋರಿಸಿ ಎಂದು ಸುಂದರಮ್ಮ ದಿನವೂ ಗೋಗರೆದರು. ನಮ್ಮೆದುರೇ ಒಂದು ಶನಿವಾರ ಹೇಳಿದಾಗ ದೊರೆಸ್ವಾಮಿ ನಕ್ಕರು: "ಏಳನೇ ನಂಬರ್ ನೂರೈವತ್ತು ಹೋಗ್ತಿದೆ ಕಣೇ. ಹೃದಯ ಕೆಟ್ಟೋನಿಗೆ ಅಷ್ಟು ಹೋಗುತ್ತಾ?"

ಮರುದಿನ ಮೈದಾನದಲ್ಲಿ ಅವರು ಹೊಡೆದು, ಅಲ್ಲೇ ನಿಂತು ಉಸಿರು ಎಳೆದುಕೊಳ್ಳುತ್ತ ಕೂಗಿ ಕೇಳಿದರು: "ನನ್ನ ಎದೆ ಸರಿ ಇಲ್ಲ, ಡಾಕ್ಟರ್ ಹತ್ರ ಹೋಗಿ ಅಂತಾಳೆ ನಮ್ಮನೆಯೋಳು. ನೀನು ಹೇಳೋ ಮಾರಾಯ, ಎಷ್ಟು ಹೋಯ್ತು?"

ವೆಂಕಟರಾಮಪ್ಪನವರು ಚೆಂಡಿನ ಪಕ್ಕ ನಿಂತಿದ್ದರು. ಆ ದಿನ ಏಕೋ ಅವರ ಕಾಲು ಗಿಡ್ಡ ಹೆಜ್ಜೆ ಮರೆತು ಪೂರ್ತಿ ಹೆಜ್ಜೆಯೇ ಇಟ್ಟಿತ್ತು. ನಿಜವಾದ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು.

"ನೂರೈವತ್ತು, ಸಾರ್."

ಶ್ರಾವಣದ ಮೊದಲ ಭಾನುವಾರ ಆಟ ಮುಗಿಸಿ ಬಂದ ದೊರೆಸ್ವಾಮಿ, ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ.

ಚೀಲ ಗವಿಪುರದಲ್ಲೇ ಉಳಿಯಿತು. ಒಂಬತ್ತನೇ ನಂಬರಿನ ಹಿಡಿ ಸಡಿಲಾಗಿದೆಯೆಂದು ಅದೇ ಬೆಳಿಗ್ಗೆ ದೊರೆಸ್ವಾಮಿಯವರೇ ಕೊಟ್ಟು ಕಳಿಸಿದ್ದರು. ವೆಂಕಟರಾಮಪ್ಪನವರು ಅದನ್ನು ಶೆಡ್ಡಿನ ಗೋಡೆಗೆ ನೇತುಹಾಕಿದರು. ವೈಕುಂಠ ಸಮಾರಾಧನೆ ಮುಗಿದ ಮೇಲಿನ ಭಾನುವಾರ, ಹತ್ತು ಗಂಟೆಯ ಬಿಸಿಲಿನಲ್ಲಿ, ಅವರು ಯಾರದೋ ಕೋಲಿಗೆ ಅಂಟು ಹಚ್ಚುತ್ತಿದ್ದಾಗ ಬೆನ್ನ ಹಿಂದೆ 'ತಪ್' ಎಂದಿತು.

ತಿರುಗಿದರೆ ಚೀಲ ಅಲ್ಲಾಡದೆ ಗೋಡೆಯಲ್ಲೇ ಇತ್ತು.

ಮುಂದಿನ ಭಾನುವಾರವೂ ಅದೇ ಹೊತ್ತು, ಅದೇ ಸದ್ದು. ಒಂದೇ ಒಂದು ಸಲ. ಆಮೇಲೆ ಯಾರೋ ಉತ್ತರಕ್ಕೆ ಕಾಯುತ್ತಿರುವಂಥ ಮೌನ.

"ತಗಡು ಕಣ್ರೀ, ಬಿಸಿಲಿಗೆ ಹಿಗ್ಗುತ್ತೆ" ಎಂದರು ಮುನಿರತ್ನಮ್ಮ. ಗಂಡನ ಮುಖ ನೋಡಿ ಇನ್ನಷ್ಟು ಛೇಡಿಸಿದರು: "ಇಲ್ಲಾಂದ್ರೆ ನಿಮ್ ಸಾಹೇಬ್ರೇ ಬಂದವ್ರೆ. ಕಾಫಿ ಇಡ್ಲಾ? ಸಕ್ಕರೆ ಎಷ್ಟು ಕೇಳಿ."

ಆದರೆ ಮೋಡ ಕವಿದು ತಗಡು ತಣ್ಣಗಿದ್ದ ಒಂದು ಭಾನುವಾರ ಆಕೆ ಸೊಪ್ಪು ಬಿಡಿಸುತ್ತ ಅಲ್ಲೇ ಕೂತಿದ್ದರಂತೆ. ಆಮೇಲೆ ಆಕೆ ಛೇಡಿಸಲಿಲ್ಲ.

ವರ್ಷಾಬ್ದಿಕ ಹತ್ತಿರವಾದಾಗ ಸುಂದರಮ್ಮ ಗಂಡನ ಸಾಮಾನುಗಳನ್ನು ಒಬ್ಬೊಬ್ಬರಿಗೆ ಕೊಡತೊಡಗಿದರು. ಐರನ್ನುಗಳು ಮಲ್ಲೇಶ್ವರದಲ್ಲಿದ್ದ ಅಕ್ಕನ ಮಗ ಶ್ರೀಹರಿಗೆ ಎಂದರು. ಅವನೂ ಆಗ ಗಾಲ್ಫ್ ಕಲಿಯುತ್ತಿದ್ದ. ಗವಿಪುರಕ್ಕೆ ಬಂದು ಏಳನೇ ನಂಬರೊಂದನ್ನು ತೆಗೆದುಕೊಂಡು ಹೋಗಿ ಹೊಡೆದು ನೋಡಿ, ಮರಳಿ ತಂದ.

"ಫೀಲ್ ಮಾತ್ರ ಏನ್ ಗುರು ಇದು! ಕೈಗೆ ಬೆಣ್ಣೆ. ಆದ್ರೆ ಏಳು ಅಂತ ಬರೆದಿದೆ, ಹೋಗೋದು ಐದರ ಥರ. ಇದರ ಕತ್ತು ಯಾರಾದ್ರೂ ಬಗ್ಗಿಸಿದಾರಾ?"

"ಗೊತ್ತಿಲ್ಲ, ಸಾರ್."

"ಶನಿವಾರ ಚಿಕ್ಕಮ್ಮನ ಮನೆಗೇ ಸೆಟ್ ತಂದ್ಬಿಡಿ, ಅಲ್ಲಿಂದ ತಗೊಂಡು ಹೋಗ್ತೀನಿ."

ನಾಲ್ಕು ದಿನ ಸಮಯವಿತ್ತು. ಎಂಟನ್ನೂ ಮೊದಲಿನಂತೆ ಬಗ್ಗಿಸಿಬಿಟ್ಟರೆ ಈ ಜನ್ಮದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಏಳನೇ ನಂಬರನ್ನು ವೈಸಿಗೆ ಕಚ್ಚಿಸಿ, ಕತ್ತು ಬಗ್ಗಿಸುವ ಹಿತ್ತಾಳೆಯ ಸರಳನ್ನು ಕೈಗೆ ತೆಗೆದುಕೊಂಡರು. ಅಂದು ಭಾನುವಾರವಲ್ಲ, ಬುಧವಾರ. ಆದರೂ ಸದ್ದಾಯಿತು. ಈ ಸಲ ಹಿಂದಿನಿಂದಲ್ಲ, ಕೈಯೊಳಗಿನಿಂದ. ಸರಳು ಕೆಳಗಿಟ್ಟರು.

ಶನಿವಾರ ಸಹಸ್ರನಾಮ ಮುಗಿದು ಉಳಿದವರು ಹೊರಟುಹೋಗಿದ್ದರು. ನಾನು ಹೂವಿನ ಬುಟ್ಟಿ ಎತ್ತಿಡುತ್ತಿದ್ದೆ. ವೆಂಕಟರಾಮಪ್ಪನವರು ಚೀಲ ಇಳಿಸಿದರು. ಅದರ ಮೇಲೆ ಒಂದು ಪ್ಲಾಸ್ಟಿಕ್ಕಿನ ಕೋನಮಾಪಕ ಇಟ್ಟರು.

"ಇದೇನಪ್ಪ, ಪಾಠ ಹೇಳ್ಕೊಡ್ತೀಯಾ?" ಎಂದು ಸುಂದರಮ್ಮ ನಕ್ಕರು.

"ಅಮ್ಮಾವ್ರೆ, ಯಜಮಾನ್ರು ಸತ್ತಿದ್ದು ನನ್ನಿಂದ."

ಆಮೇಲೆ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಹುಲ್ಲಿನ ಮೇಲೆ ಕೂತದ್ದು, ಕುಂಕುಮ, ಗಿಡ್ಡ ಹೆಜ್ಜೆ, ಜೂನಿನ ಆ ಭಾನುವಾರ. ಶ್ರೀಹರಿ ನಡುವೆ ಬಾಯಿ ಹಾಕಿದ: "ಅಯ್ಯೋ, ಅದಕ್ಕೂ ಹಾರ್ಟಿಗೂ ಏನ್ರೀ ಸಂಬಂಧ? ಚಿಕ್ಕಪ್ಪ ಹೇಗಿದ್ರೂ ಡಾಕ್ಟರ್ ಹತ್ರ ಹೋಗ್ತಿರ್ಲಿಲ್ಲ. ಹಠಮಾರಿ."

"ನೀನು ಸುಮ್ನಿರೋ" ಎಂದರು ಸುಂದರಮ್ಮ. ಅವರ ಧ್ವನಿ ಮೆಲ್ಲಗಿತ್ತು. "ನಿಜವಾಗಿ ಎಷ್ಟು ಹೋಗಿತ್ತು? ಆ ದಿನ?"

"ನೂರ ಇಪ್ಪತ್ತೆರಡು."

"ನಡೆದು ತೋರಿಸು."

ಗೇಟಿನಿಂದ ಹೊರಟರು. ವೆಂಕಟರಾಮಪ್ಪನವರು ಮುಂದೆ, ಅವರ ಆ ಉದ್ದ ಹೆಜ್ಜೆಯಲ್ಲಿ, ಗಟ್ಟಿಯಾಗಿ ಎಣಿಸುತ್ತ. ಹಿಂದೆ ಸುಂದರಮ್ಮ, ಪೂಜೆಯ ಸೀರೆಯಲ್ಲೇ, ಚಪ್ಪಲಿಯಿಲ್ಲದೆ. ಅವರ ಹಿಂದೆ ನಾನು. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಒಂದು ಹೊಂಗೆಮರದ ಬುಡದಲ್ಲಿ ಅವರು ನಿಂತರು.

"ನೂರ ಇಪ್ಪತ್ತೆರಡು. ಇಲ್ಲಿ ಬಿದ್ದಿತ್ತು."

"ನೂರೈವತ್ತು ಎಲ್ಲಿ?"

ವೆಂಕಟರಾಮಪ್ಪನವರೊಬ್ಬರೇ ಮತ್ತೆ ನಡೆದರು. ಹಸಿರು ಗೇಟಿನ ಮೂಲೆಮನೆಯ ಮುಂದೆ ನಿಂತರು. "ಇಪ್ಪತ್ತೆಂಟು ಹೆಜ್ಜೆ, ಅಮ್ಮಾವ್ರೆ. ಬಗ್ಗಿಸಿದ ಕಬ್ಬಿಣವೂ ಮುಟ್ಟದ್ದನ್ನ ನನ್ನ ನಾಲಿಗೆ ಮುಟ್ಟಿಸ್ತು."

ಸುಂದರಮ್ಮ ಹೊಂಗೆಮರದ ಬಳಿಯೇ ನಿಂತಿದ್ದರು. ಅಲ್ಲಿಂದ ಅವರನ್ನು, ನಡುವಿನ ಖಾಲಿ ರಸ್ತೆಯನ್ನು ನೋಡಿದರು. ಅಷ್ಟು ದೂರದಿಂದ ಮೆತ್ತಗೆ ಮಾತಾಡಿದರೂ ಕೇಳಿಸುತ್ತಿತ್ತು.

"ಇಷ್ಟೇನಾ?" ಎಂದರು. "ಇಷ್ಟಕ್ಕೇನಾ?"

ವೆಂಕಟರಾಮಪ್ಪನವರು ಹತ್ತಿರ ಬಂದಾಗ ಸುಂದರಮ್ಮ ಹೇಳಿದರು: "ಶ್ರೀಹರಿಗೆ ಬೇಡ. ನೀನೇ ಇಟ್ಕೋ. ಬಗ್ಗಿಸಿದ್ದನ್ನ ಸರಿ ಮಾಡ್ಬೇಡ. ನಾನು ಕ್ಷಮಿಸಿದೀನಿ ಅಂತ ಅಂದ್ಕೋಬೇಡ. ಕ್ಷಮಿಸ್ಲಿಲ್ಲ ಅಂತಾನೂ ಅಂದ್ಕೋಬೇಡ. ನಂಗೆ ಗೊತ್ತಾಗ್ತಿಲ್ಲ."

ಅಲ್ಲಿಂದ ಮುಂದೆ ಸುಂದರಮ್ಮ ಬದುಕಿದ್ದ ಐದು ವರ್ಷವೂ ನಾನು ಅವರ ಜೊತೆ ಮಾರುಕಟ್ಟೆಗೆ ಹೋಗುತ್ತಿದ್ದೆ. ಹೊಂಗೆಮರ ಬಂದಾಗ ಸುಂದರಮ್ಮ ಆಚೆ ಬದಿಗೆ ದಾಟುತ್ತಿದ್ದರು. ಮೂಲೆಮನೆ ಕಳೆದ ಮೇಲೆ ಮತ್ತೆ ಈಚೆಗೆ. ಮಳೆಯಲ್ಲೂ ಹಾಗೇ, ಆಚೆ ಬದಿಯಲ್ಲಿ ಚರಂಡಿ ಅಗೆದಿದ್ದಾಗಲೂ ಹಾಗೇ. ನಾನೂ ಅವರ ಜೊತೆ ದಾಟುತ್ತಿದ್ದೆ.

ಮೈದಾನದಲ್ಲಿ ವೆಂಕಟರಾಮಪ್ಪನವರನ್ನು ಕರೆಯುವವರು ಕಡಿಮೆಯಾದರು. ಎಲ್ಲರೂ ನೂರೈವತ್ತು ಎಂದುಕೊಂಡದ್ದನ್ನು ಅವರು ನೂರ ಮೂವತ್ತೆಂಟು ಎನ್ನುತ್ತಿದ್ದರು. "ನಿನ್ನ ಗಜ ಬಲು ಉದ್ದ ಕಣಯ್ಯ" ಎಂದು ದೊಡ್ಡ ದೊಡ್ಡ ಆಟಗಾರರು ಮುಖ ಕಿವುಚಿ ಬೇರೆ ಕ್ಯಾಡಿಗಳನ್ನು ಹಿಡಿದರು. ಅವರು ಲೆಕ್ಕ ಬದಲಿಸಲಿಲ್ಲ. ಕೊನೆಗೆ ಶೆಡ್ಡಿನ ಕೆಲಸವೊಂದೇ ಉಳಿಯಿತು.

ಎರಡು ಸಾವಿರದ ಮೂರರ ಆಯುಧಪೂಜೆಗೆ ಮುನಿರತ್ನಮ್ಮ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಮಣೆಯ ಮೇಲೆ ಎಂಟು ಐರನ್ನುಗಳು ಸಾಲಾಗಿ ಮಲಗಿದ್ದವು. ಮುಖಗಳಿಗೆ ಗಂಧ, ಕುಂಕುಮ, ಒಂದೊಂದು ಸೇವಂತಿಗೆ. ಕತ್ತುಗಳು ಮಾತ್ರ ಬರಿದು. ಏಳನೇ ನಂಬರಿನ ಕತ್ತಿನ ಮೇಲೆ ವೈಸಿನ ಹಲ್ಲಿನ ಆರು ಗೆರೆಗಳು ಹಗಲು ಬೆಳಕಿನಲ್ಲಿ ಒಂದೊಂದೂ ಕಾಣುತ್ತಿದ್ದವು.

ವೆಂಕಟರಾಮಪ್ಪನವರು ಕರ್ಪೂರ ಹಚ್ಚಿ ಆರತಿ ಎತ್ತಿದರು. ಅರ್ಧ ಸುತ್ತಿನಲ್ಲಿ ಕೈ ನಿಂತಿತು. ತಲೆ ಒಂದು ಪಕ್ಕಕ್ಕೆ ವಾಲಿತು. ಮುನಿರತ್ನಮ್ಮ ಗಂಟೆ ಬಾರಿಸುವುದನ್ನು ನಿಲ್ಲಿಸಿ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡರು. ಕರ್ಪೂರ ಉರಿದು ಸಣ್ಣದಾಗುತ್ತ ಬಂತು.

"ಸದ್ದು ಬಂತಾ?" ಎಂದರು ಆಕೆ, ಮೆಲ್ಲಗೆ.

"ಹ್ಞೂಂ."

"ಸಾಹೇಬ್ರಿಗೆ ಎಷ್ಟು ಅಂದ್ರಿ?"

"ನೂರ ಇಪ್ಪತ್ತೆರಡು."

ಆಕೆ ಡಬ್ಬಿಯಿಂದ ಇನ್ನೊಂದು ಕರ್ಪೂರ ತೆಗೆದು ತಟ್ಟೆಗೆ ಇಟ್ಟರು.