ಅವ್ವ ಸೂಜಿ ಬಿಟ್ಟ ವಾರ

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ನಮ್ಮೂರು ಕಲ್ಯದಿಂದ ಅವ್ವ ಫೋನಿನಲ್ಲಿ "ಚೆನ್ನಾಗಿವ್ನಿ ಕಣವ್ವ" ಅನ್ನುತ್ತಿದ್ದಳು, ಆದರೆ ಎರಡು ಮಾತಿಗೊಮ್ಮೆ ನೀರು ಕುಡಿಯುವ ಸದ್ದು. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಶುಕ್ರವಾರ ತಡೆಯಲಾಗದೆ ರಜೆ ಹಾಕಿ ಮಾಗಡಿ ಬಸ್ಸು ಹತ್ತಿದೆ. ಸೀಟಿದ್ದರೂ ನಿಂತೇ ಬಂದೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ಅಲ್ಟ್ರಾಸೌಂಡ್ ಹಾಯಿಸುತ್ತೇನೆ. ಕಿವಿಗೆ ಕೇಳದ ಆ ಸದ್ದು ತಾಗಿದರೆ ಕೋಶಗಳು ಇನ್ಸುಲಿನ್ ಹಾರ್ಮೋನನ್ನು ಹೊರಗೆ ಬಿಡುತ್ತವೆ. ಸಾಯುತ್ತಿರುವ ಕೋಶವೂ ಒಳಗಿದ್ದದ್ದನ್ನು ಚೆಲ್ಲಿಬಿಡುತ್ತದೆ, ಹಾಗಾಗಿ ಅವು ಬದುಕಿವೆಯೇ ಎಂದು ಪ್ರತಿ ಸಲ ನೋಡಬೇಕು. ನಮಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ!

ಹಿಂದಿನ ಸಲ ಊರಿಗೆ ಹೋದಾಗ ಅವ್ವ, "ಚುಚ್ಚಿ ಚುಚ್ಚಿ ಹೊಟ್ಟೆ ಜರಡಿ ಆಗೋಗೈತೆ" ಎಂದು ಗೊಣಗಿದಳು. ಮುಂದೆ ಸೂಜಿಯೇ ಬೇಡ, ಸದ್ದಿನಿಂದಲೇ ಆಗುತ್ತೆ ಅಂದೆ. ಅವಳು ರೇಷ್ಮೆ ಹುಳ ಸಾಕುವವಳು, ಅರ್ಥವಾಗಲಿ ಅಂತ, "ನೀನು ಹುಳಕ್ಕೆ ಹಾರ್ಮೋನು ಚಿಮುಕಿಸಿದ್ರೆ ಎಲ್ಲಾ ಒಟ್ಟಿಗೆ ಗೂಡು ಕಟ್ಟಕ್ಕೆ ಹೊರಡಲ್ವಾ, ಹಂಗೇ" ಅಂದೆ.

"ಸ್ಕ್ಯಾನಿಂಗ್ ಮಾಡ್ತಾರಲ್ಲ, ಅದೇ ಸದ್ದಾ?"

"ಅದೇ ಜಾತಿದು," ಅಂದೆ, ಮೊಬೈಲು ನೋಡುತ್ತಾ.

ಆ ಶುಕ್ರವಾರ ಮನೆಗೆ ಹೋದರೆ ಅವ್ವ ನಾಲಿಗೆ ಒಣಗಿ ಮಲಗಿದ್ದಳು. ಫ್ರಿಜ್ಜಿನಲ್ಲಿ ಇನ್ಸುಲಿನ್ ಬಾಟಲಿ ಇಟ್ಟಂತೆಯೇ ಇತ್ತು.

"ಮಾಗಡೀಲಿ ಹೊಟ್ಟೆನೋವು ಅಂತ ಸುಳ್ಳೇಳಿ ಸ್ಕ್ಯಾನಿಂಗ್ ಮಾಡಿಸ್ಬುಟ್ಟೆ. ಹುಳಕ್ಕೆ ಒಂದ್ ಬೆಳೆಗೆ ಒಂದೇ ಸಲ ತಾನೇ ಚಿಮುಕಿಸೋದು? ಸದ್ದು ಒಂದ್ಸಲ ತಾಗ್ತಲ್ಲ, ಇನ್ಯಾಕೆ ಚುಚ್ಕೋಬೇಕು ಅಂತ ಬುಟ್ಬುಟ್ಟೆ."

"ನಿಂಗೇನು ಬುದ್ಧಿ ಕೆಟ್ಟಿತ್ತಾ?" ಎಂದು ಕಿರುಚಿದೆ.

"ನೀನೇ ಯೋಳಿದ್ದಲ್ವವ್ವ," ಅಂದಳು ಮೆಲ್ಲಗೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ರಾಮನಗರದ ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿದರು. ನಾನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ, ನನ್ನನ್ನೇ ಬೈದುಕೊಂಡೆ. ಅವ್ವ ಉಳಿದಳು.

ಮನೆಗೆ ಬಂದ ಸಂಜೆ ಕೇಳಿದಳು: "ಆ ಸದ್ದಿನ ಮಿಷಿನ್ನು ಯಾವಾಗ ಬತ್ತದೆ?"

"ಗೊತ್ತಿಲ್ಲವ್ವ. ಬರುತ್ತೋ ಇಲ್ವೋ ಅದೂ ಗೊತ್ತಿಲ್ಲ."

ಅವಳು ಸೆರಗು ಸರಿಸಿದಳು. "ಸುಸ್ತು ಇನ್ನೂ ಹೋಗಿಲ್ಲ, ಇವತ್ತು ನೀನೇ ಚುಚ್ಚು."

ಸಿರಿಂಜಿಗೆ ಇನ್ಸುಲಿನ್ ಎಳೆದುಕೊಂಡು ಅವಳ ಪಕ್ಕ ಕೂತೆ. ಇಷ್ಟು ವರ್ಷ ಇನ್ಸುಲಿನ್ ಕೆಲಸವನ್ನೇ ಮಾಡಿದ್ದೇನೆ, ಆದರೆ ಅವ್ವನ ಹೊಟ್ಟೆಯಲ್ಲಿ ಯಾವ ಜಾಗಕ್ಕೆ ಚುಚ್ಚಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳೇ ಬೆರಳಿಟ್ಟು ತೋರಿಸಿದಳು.