ತುಂಬಿ ಕಾಣಬೇಕ್ರಿ

ಗೋಕಾಕಿನಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದ ಆ ಮಹಾಶಯನಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಮೀಸೆ ತೀಡುತ್ತ, "ತುಂಬಿ ಕಾಣಬೇಕ್ರಿ" ಅನ್ನುತ್ತಿದ್ದ.

ಅರಭಾವಿಯ ನಮ್ಮ ಸಸಿ ಮಾರಾಟಕ್ಕೆಂದು ಹೆಂಡತಿ ತಾನೇ ಕಲಿತು ಒಂದು ವೆಬ್‌ಸೈಟು ಮಾಡಿದ್ದಳು. ಸಸಿಗಳ ಚಿತ್ರ, ಕೆಳಗೆ ಫೋನ್ ನಂಬರು, ಅಷ್ಟೆ. ನೋಡುವವರಿಗೆ ಇನ್ನಷ್ಟು ಸುಲಭವಾಗಲೆಂದು ಅದನ್ನು ಒಯ್ದು ಈ ಮಂಗನ ಕೈಗೆ ಕೊಟ್ಟೆವು. ಮೇಲೆ ಕಪ್ಪು ಕನ್ನಡಕ ತೊಟ್ಟ ತನ್ನದೇ ಫೋಟೊ ಹಾಕಿದ. ಅದರ ಕೆಳಗೆ, ಹಳೆಯ ಬ್ಯಾನರುಗಳಿಂದ ಎತ್ತಿದ ನಮ್ಮ ಬಂಧುಬಳಗವೆಲ್ಲ 'ಶುಭ ಕೋರುವವರು'. ಅವನದೂ ಸೇರಿ ಪ್ರತಿ ಮುಖಕ್ಕೂ ಚೆಂಡುಹೂವಿನ ಮಾಲೆ. ಸಸಿಗಳು ತಳ ಸೇರಿದ್ದವು.

ನಿಂಬೆ ಸಸಿಗೆಂದು ಬಂದ ಬೆಲ್ಲದ ಬಾಗೇವಾಡಿಯ ರೈತರೊಬ್ಬರು ಮೊಬೈಲ್ ತೋರಿಸಿ, ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದರು: "ಇಷ್ಟೂ ಮಂದಿ ಒಮ್ಮೆಲೆ ಹ್ಯಾಂಗ ತೀರಿಕೊಂಡ್ರವ್ವಾ?"

ಅವಳು ಅಲ್ಲೇ ಅವನಿಗೆ ಫೋನ್ ಹಚ್ಚಿದಳು. "ಮಂದಿ ಇದನ್ನ ಶ್ರದ್ಧಾಂಜಲಿ ಅಂತ ತಿಳ್ಯಾಕತ್ತಾರ್ರಿ. ಆ ಮುಖಾ ತಗದು ಸಸಿ ಮ್ಯಾಲ ತರ್ರಿ."

"ಆತ್ರಿ, ಈಗ ಸರಿ ಮಾಡ್ತೇನಿ," ಎಂದ.

ಸಂಜೆ ತೆರೆದು ನೋಡಿದೆವು. ಸಸಿಗಳು ತಳದಲ್ಲೇ ಇದ್ದವು. ನಮ್ಮ ಮಾವನವರ ಕೊರಳಿನ ಮಾಲೆಯೂ ಹಾಗೇ ಇತ್ತು. ಪುಣ್ಯಾತ್ಮ ತನ್ನ ಫೋಟೊದ ಮಾಲೆಯನ್ನಷ್ಟೇ ತೆಗೆದಿದ್ದ.