ಅಪ್ಪನ ಪಾಪಾಸುಕಳ್ಳಿ

ಮೊನ್ನೆ ಮೊಮ್ಮಗಳು ಡ್ರ್ಯಾಗನ್ ಹಣ್ಣು ತಂದು ಹೆಚ್ಚಿದಳು. ತಟ್ಟೆಯ ತುಂಬ ಕಡುಗೆಂಪು ರಸ. "ಅಜ್ಜಿ, ಇದು ಕಳ್ಳಿ ಜಾತಿಯಂತೆ" ಎಂದಳು. ನಾನು ನಕ್ಕೆ ನೋಡಿ, ಕಟ್ಟಿಸಿದ ಹಲ್ಲು ಸಡಿಲವಾಗುವಷ್ಟು. ಯಾಕೆಂದು ಹೇಳಬೇಕಾದರೆ ಉಚ್ಚೆಯ ವಿಷಯದಿಂದಲೇ ಶುರು ಮಾಡಬೇಕು. ತಟ್ಟೆ ಮುಂದಿಟ್ಟುಕೊಂಡಿದ್ದರೆ, ದಯವಿಟ್ಟು ಊಟ ಮುಗಿಸಿ ಬಂದು ಓದಿ.

ಅರವತ್ತರ ದಶಕದ ಮಾತು. ಕೊರಟಗೆರೆಯಲ್ಲಿ ಅಪ್ಪನದು ಎಣ್ಣೆಯಂಗಡಿ. ಅವನ ಮೂತ್ರಕೋಶದಲ್ಲಿ ಎದ್ದಿದ್ದ ಕ್ಯಾನ್ಸರ್ ಗಂಟನ್ನು ಬೆಂಗಳೂರಿನಲ್ಲಿ ಸುಟ್ಟು ತೆಗೆದಿದ್ದರು. "ಇದು ಮತ್ತೆ ಬರೋ ಕಾಯಿಲೆ. ದಿನಾ ಮೂತ್ರದ ಬಣ್ಣ ನೋಡ್ಕೊಳ್ಳಿ, ಕೆಂಪಾದರೆ ತಕ್ಷಣ ಬನ್ನಿ" ಎಂದಿದ್ದರು ಡಾಕ್ಟರು. ಬಣ್ಣ ನೋಡುವುದನ್ನು ಅಪ್ಪನಿಗೆ ಕಲಿಸಬೇಕೆ? ಅಂಗಡಿಯಲ್ಲಿ ಎಣ್ಣೆ ನೋಡುವ ಹಾಗೆಯೇ ಬೆಳಗ್ಗೆ ಹಿತ್ತಲಲ್ಲಿ ಸೀಸೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಕೂಗುತ್ತಿದ್ದ: "ಇವತ್ತು ಕಡ್ಲೆಕಾಯೆಣ್ಣೆ ಕಣಮ್ಮಿ, ಒಂದ್ನೇ ನಂಬರು!"

"ಬೀದಿಗೆಲ್ಲ ಸಾರ್ಬ್ಯಾಡಿ" ಎಂದು ಅಮ್ಮ ಒಳಗಿನಿಂದ ಗದರುತ್ತಿದ್ದಳು. ಅಷ್ಟರಲ್ಲಿ ಬೇಲಿಯಾಚೆಯ ಮನೆಯವರಿಗೂ ತಿಳಿದು ಅವರೂ ನಿರಾಳವಾಗುತ್ತಿದ್ದರು.

ನನ್ನ ಮದುವೆಗೆ ಹನ್ನೆರಡು ದಿನ ಉಳಿದಿದ್ದಾಗ ಒಂದು ಬೆಳಗ್ಗೆ ಅಪ್ಪ ಕೂಗಲಿಲ್ಲ. ಹೋಗಿ ನೋಡಿದರೆ ಸೀಸೆ ಕೆಂಪು. ಕಿತ್ತುಕೊಂಡು ನಾನೂ ಬಿಸಿಲಿಗೆ ಹಿಡಿದೆ. ಅಪ್ಪನೋ, ನಗುತ್ತ ನಾಲಿಗೆ ಚಾಚಿದ. ಅದೂ ಕೆಂಪು!

"ಸಿದ್ದರಬೆಟ್ಟದ ದಾರೀಲಿ ಪಾಪಾಸುಕಳ್ಳಿ ಹಣ್ಣು ತಿಂದ್ಬುಟ್ಟೆ ಕಣಮ್ಮ. ಅದ್ರ ಬಣ್ಣ ಅಷ್ಟೇ."

ನಂಬಲು ಆಸೆ, ನಂಬಲು ಭಯ. ಕೊನೆಗೆ ನಾನೇ ಡಾಕ್ಟರಾದೆ. ಅಪ್ಪ ಬುಟ್ಟಿಯಲ್ಲಿ ತಂದಿಟ್ಟಿದ್ದ ಹಣ್ಣನ್ನು ನೆಲಕ್ಕೆ ಉಜ್ಜಿ ಮುಳ್ಳು ತೆಗೆದು, ಕೂತಲ್ಲೇ ಹದಿನೈದು ತಿಂದೆ. ಉಜ್ಜಿದ್ದು ಸಾಲಲಿಲ್ಲ. ಮದುವಣಗಿತ್ತಿಯ ತುಟಿ ಬೋಂಡದಂತೆ ಊದಿತು. "ಗಂಡಿನ ಕಡೇರು ನೋಡಿದ್ರೆ ಏನಂತಾರೆ!" ಎನ್ನುತ್ತ ಅಮ್ಮ ಚಿಮಟ ಹಿಡಿದು ಒಂದೊಂದೇ ಮುಳ್ಳು ಕಿತ್ತಳು.

ಮರುದಿನ ಹಿತ್ತಲಿನಿಂದ ಕುಣಿಯುತ್ತ ಬಂದೆ. "ಅಪ್ಪಾ, ನಂದೂ ಕೆಂಪು!"

"ನಾ ಹೇಳ್ಲಿಲ್ವಾ?" ಎಂದ ಅಪ್ಪ. ವಿಷಯ ತಿಳಿದ ಅಮ್ಮ ಅತ್ತು, ನಕ್ಕು, ಪಾಯಸ ಮಾಡಿದಳು. ಉಚ್ಚೆ ಕೆಂಪಾಯಿತೆಂದು ಪಾಯಸ ಉಂಡ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು.

ಎರಡು ದಿನಕ್ಕೆ ನನ್ನದು ತಿಳಿಯಾಯಿತು. ಅಪ್ಪನದು ಆಗಲಿಲ್ಲ. "ನಾನು ಹಳೇ ಆಳು, ಬಣ್ಣ ಬುಡಕ್ಕೆ ಹೊತ್ತಾಯ್ತದೆ" ಎಂದ. ಉಳಿದ ಹಣ್ಣನ್ನೆಲ್ಲ ತಿಪ್ಪೆಗೆ ಸುರಿದು ಇನ್ನೆರಡು ದಿನ ಕಾದೆ. ಆಗಲೂ ಕೆಂಪೇ. ಚೀಲಕ್ಕೆ ಎರಡು ಪಂಚೆ ತುರುಕಿ ಅವನನ್ನು ಬೆಂಗಳೂರಿನ ಬಸ್ಸು ಹತ್ತಿಸಿದೆ.

ತುಮಕೂರು ದಾಟಿದ ಮೇಲೆ ಅಪ್ಪ ಬಾಯಿಬಿಟ್ಟ. "ಹಣ್ಣು ತಿನ್ನೋಕೆ ಮೊದ್ಲೇ ಕೆಂಪಿತ್ತು ಕಣಮ್ಮ. ನೋಡಿದ್ರೆ ನೀನು ಮದ್ವೆ ನಿಲ್ಲಿಸ್ತೀಯ ಅಂತ ಆಮೇಲೆ ತಿಂದೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. "ಧಾರೆ ಎರೆದ್ಬುಟ್ಟು ಹೋಗೋಕೆ ನೋಡಿದ್ಯಾ? ಆಮೇಲೂ ನೀನು ಬೇಕು ನಂಗೆ!" ಎಂದು ಬಸ್ಸಿನಲ್ಲೇ ಕೂಗಾಡಿ ಅತ್ತೆ. ಅಪ್ಪ ನನ್ನ ಮುಖವನ್ನೇ ನೋಡಿ, "ಇನ್ನೂ ಊತ ಇಳೀದಿರೋ ಆ ತುಟಿ ಇಟ್ಕೊಂಡು ಬೈಬ್ಯಾಡ, ನಗು ಬತ್ತದೆ" ಎಂದ. ಅಳುತ್ತಿದ್ದವಳಿಗೂ ನಗು ಬಂತು. ಇಬ್ಬರೂ ನಕ್ಕ ಸದ್ದಿಗೆ ಕಂಡಕ್ಟರು ತಿರುಗಿ ನೋಡಿದ.

ಗಂಟು ಮತ್ತೆ ಬಂದಿತ್ತು, ಕಡಲೆಕಾಳಿನಷ್ಟು. ಬೇಗ ಬಂದದ್ದು ಒಳ್ಳೆಯದಾಯಿತೆಂದು ಡಾಕ್ಟರು ಮತ್ತೆ ಸುಟ್ಟರು. ನನ್ನ ಮದುವೆ ಒಂದು ತಿಂಗಳು ತಡವಾಗಿ ನಡೆಯಿತು. ಅಪ್ಪ ಧಾರೆಯನ್ನೂ ಎರೆದ, ನನ್ನ ಮೂರು ಮಕ್ಕಳನ್ನೂ ಎತ್ತಿ ಆಡಿಸಿದ.

ಇದನ್ನೆಲ್ಲ ಹೇಳಿ ಮೊಮ್ಮಗಳನ್ನು ನಗಿಸುತ್ತಿದ್ದವಳು ಬಸ್ಸಿನ ಕೂಗಾಟಕ್ಕೆ ಬಂದು ನಿಂತುಬಿಟ್ಟೆ. ನಿಮಗೂ ಹೇಳಿಬಿಡುತ್ತೇನೆ: ನನ್ನ ಎದೆಯಲ್ಲಿ ಗೋಲಿಯಷ್ಟು ಗಂಟೊಂದು ಕೈಗೆ ಸಿಕ್ಕಿ ತಿಂಗಳಾಗಿತ್ತು. ಬರುವ ತಿಂಗಳು ಈ ಹುಡುಗಿಯ ಮದುವೆ ಎಂದು ನಾನು ಬಾಯಿ ಬಿಟ್ಟಿರಲಿಲ್ಲ.

"ಆಮೇಲೇನಾಯ್ತು ಅಜ್ಜಿ?"

"ನಿಮ್ಮಮ್ಮನ್ನ ಕರಿ" ಎಂದೆ. "ನಾಳೆ ಆಸ್ಪತ್ರೆಗೆ ಹೋಗ್ಬೇಕು."